ಮುಗಳಖೋಡದ ಟಾಕಿನಲ್ಲಿದ್ದ ಹಲ್ಲಿ

ಒಂದರಂತೆ ಇನ್ನೊಂದು ಕಂಡ ಮಾತ್ರಕ್ಕೆ ಎರಡೂ ಒಂದೇ ವಂಶದವು ಎಂದು ತಿಳಿಯಬಾರದು. ಮನುಷ್ಯನ ಸಮಸ್ತ ಜ್ಞಾನವೂ ಈ ಒಂದು ಎಚ್ಚರಿಕೆಯ ಮೇಲೆ ನಿಂತಿದೆ. ಈ ಮಾತನ್ನು ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ವರ್ಷಗಟ್ಟಲೆ, ಊಟವಾದ ಮೇಲಿನ ಪಿರಿಯಡ್ಡಿನಲ್ಲಿ, ರೊಟ್ಟಿ ಝುಣಕ ಉಂಡು ಬಂದ ಹುಡುಗರಿಗೆ ಹೇಳಿದ್ದೇನೆ. ಜ್ಞಾನ ನಿಂತಿರುತ್ತಿತ್ತು, ಹುಡುಗರು ಮಲಗಿರುತ್ತಿದ್ದರು.

ನಾನು ಕಲಿಸಿದ್ದು ಜೀವಶಾಸ್ತ್ರ. ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಫಾರ್ಮಲಿನ್ ತುಂಬಿದ ಬಾಟಲಿಗಳಿದ್ದವು. ಅವುಗಳಲ್ಲಿ ಒಂದು ಮನೆಹಲ್ಲಿ, ಒಂದು ಓತಿಕ್ಯಾತ, ಒಂದು ಹಾವರಾಣಿ, ಮತ್ತು ಯಾರ ಕಾಲದ್ದೋ ಒಂದು ಉಡದ ಮರಿ ಮೇಲೆ ಮುಖ ಮಾಡಿ ನಿಂತಿದ್ದವು. ಆದರೆ ನನ್ನ ಪ್ರೀತಿಯ ಪ್ರಾಣಿ ಆ ಕಪಾಟಿನಲ್ಲಿರಲಿಲ್ಲ. ಪಠ್ಯಪುಸ್ತಕದಲ್ಲಿ ಅದಕ್ಕೆ ಒಂದು ಸಾಲು ಸಿಕ್ಕಿತ್ತು. ಪರೀಕ್ಷೆಯಲ್ಲಿ ಅದೂ ಸಿಗುತ್ತಿರಲಿಲ್ಲ. ಟುವಾಟಾರಾ ಎಂದು ಅದರ ಹೆಸರು. ನೋಡಲು ಥೇಟ್ ದೊಡ್ಡ ಹಲ್ಲಿ. ಬೆನ್ನ ಮೇಲೆ ಮುಳ್ಳಿನ ಸಾಲು, ಕಿವಿಯ ರಂಧ್ರವಿಲ್ಲ, ನೆತ್ತಿಯ ಚರ್ಮದ ಕೆಳಗೆ ಮೂರನೆಯದೊಂದು ಕಣ್ಣು. ಇಂಗ್ಲೆಂಡಿನ ಮ್ಯೂಸಿಯಂ ಒಂದರ ಪಂಡಿತರು ಅದರ ಬುರುಡೆಯನ್ನು ಮೊದಲು ನೋಡಿದಾಗ ಹಲ್ಲಿ ಎಂದೇ ಬರೆದು ಒಳಗಿಟ್ಟರು. ಅದು ಹಲ್ಲಿಯೇ ಅಲ್ಲ, ಡೈನೋಸಾರುಗಳಿಗಿಂತ ಮುಂಚೆಯೇ ಬೇರೆ ಮನೆ ಮಾಡಿಕೊಂಡ ಪುರಾತನ ಕುಲವೊಂದರ ಕೊನೆಯ ಕುಡಿ ಎಂದು ಗೊತ್ತಾಗಲು ಇನ್ನೊಬ್ಬ ಪಂಡಿತ ಹುಟ್ಟಿ ಬರಬೇಕಾಯಿತು. ಪಂಡಿತರಿಗೇ ಹೀಗಾಗುವುದಾದರೆ ಬೀಗರಿಗೆ ಆಗದೆ ಇರುತ್ತದೆಯೇ?

ಬೀಗರ ವಿಷಯಕ್ಕೆ ಬರುತ್ತೇನೆ. ನನ್ನ ಅಕ್ಕನನ್ನು ಮುಗಳಖೋಡಕ್ಕೆ ಕೊಟ್ಟಿತ್ತು. ಒಂದಿಷ್ಟು ಹೊಲ, ಒಂದು ಕುರಿಹಿಂಡು, ಒಬ್ಬಳು ಮಗಳು. ಆ ಮಗಳು ರಾಯಬಾಗದಲ್ಲಿ ನರ್ಸ್ ಆಗಿದ್ದಳು. ಮೊಬೈಲು ಎಲ್ಲರ ಕಿಸೆಗೆ ಇನ್ನೂ ಹೊಸದಾಗಿದ್ದ ಆ ವರ್ಷಗಳಲ್ಲಿ ಅವಳಿಗೆ ಉಗಾರ ಬುದ್ರುಕದ ಒಬ್ಬ ಹುಡುಗ ಗೊತ್ತಾದ. ಕಾಗವಾಡ ಕಡೆಯ ದನದ ದವಾಖಾನೆಯಲ್ಲಿ ಕಾಂಪೌಂಡರ್. ಒಬ್ಬಳು ಮನುಷ್ಯರಿಗೆ ಸೂಜಿ ಚುಚ್ಚುವವಳು, ಒಬ್ಬ ಎಮ್ಮೆಗಳಿಗೆ. ಮಾತು ಬೆಳೆಯಲು ಸಾಮಾನ್ಯ ವಿಷಯ ಸಾಕಷ್ಟಿತ್ತು. ಜಾತಿ ಒಂದೇ ಇತ್ತು, ಬೆಡಗಿನ ಹೆಸರು ಬೇರೆ ಬೇರೆ ಇತ್ತು. ಬೆಡಗು ಎಂದರೆ ಮನೆತನದ ಮೂಲ. ಒಂದೇ ಬೆಡಗಿನವರು ಅಣ್ಣತಂಗಿಯರು, ಅವರಲ್ಲಿ ಮದುವೆ ಇಲ್ಲ. ಅಕ್ಕನ ಮಗಳನ್ನು ಸೋದರಮಾವನಾದ ನಾನೇ ಮದುವೆಯಾಗಿದ್ದರೂ ಶಾಸ್ತ್ರಕ್ಕೆ ಅಡ್ಡಿಯಿರಲಿಲ್ಲ. ನಮ್ಮಲ್ಲಿ ರಕ್ತದ ನಂಟು ತೊಂದರೆಯಲ್ಲ, ಗುರುತಿನ ನಂಟು ತೊಂದರೆ. ಆ ತೊಂದರೆ ಇಲ್ಲವೆಂದು ತಿಳಿದು ಎರಡೂ ಕಡೆಯವರು ಸಕ್ಕರೆ ಹಂಚಿದರು.

ಮದುವೆಗೆ ಮುಂಚೆ ಮನೆದೇವರನ್ನು ಹೊಳೆಗೆ ಒಯ್ಯಬೇಕು. ದೇವರೆಂದರೆ ಟಾಕು, ಅಂಗೈಯಗಲದ ಬೆಳ್ಳಿಯ ತಗಡು. ಅದರ ಮೇಲೆ ಕುದುರೆಯೇರಿದ ದೇವರು, ಕುದುರೆಯ ಕಾಲ ಬುಡದಲ್ಲಿ ಆ ಮನೆತನದ ಗುರುತು. ವರ್ಷವಿಡೀ ಅದಕ್ಕೆ ಎಣ್ಣೆ, ಭಂಡಾರವೆಂಬ ಅರಿಷಿಣಪುಡಿ ಹಚ್ಚುತ್ತಾರೆಯೇ ಹೊರತು ತಿಕ್ಕುವುದಿಲ್ಲ. ತಿಕ್ಕುವುದು ಮನೆಯಲ್ಲಿ ಮದುವೆ ಬಂದಾಗ ಮಾತ್ರ. ಮುಗಳಖೋಡದ ಆ ಮನೆಯಲ್ಲಿ ಹಿಂದಿನ ಮದುವೆಯೆಂದರೆ ನನ್ನ ಅಕ್ಕನದೇ. ಆಗ ಹೊಳೆಯಲ್ಲಿ ನೀರಿಲ್ಲವೆಂದು ಬಾವಿಯ ನೀರು ಸುರುವಿ ಮುಗಿಸಿದ್ದರಂತೆ. ಹೀಗಾಗಿ ಆ ಟಾಕಿನ ಮೇಲೆ ಭಂಡಾರದ ಪದರು ಎಷ್ಟು ದಪ್ಪಗಿತ್ತೆಂದರೆ ದೇವರಿಗೆ ಕುದುರೆ ಇದೆ ಎಂಬುದನ್ನೂ ನಂಬಿಕೆಯ ಮೇಲೆಯೇ ತಿಳಿಯಬೇಕಿತ್ತು.

ಹುಡುಗನ ಊರು ಹೊಳೆದಂಡೆಯದೇ ಆದ್ದರಿಂದ ಎರಡೂ ಮನೆಯ ದೇವರು ಒಂದೇ ದಿನ ಅಲ್ಲೇ ಮೀಯಲಿ ಎಂದಾಯಿತು. ಅಕ್ಕನ ಗಂಡ, ನಾನು ಮಾವನವರು ಎಂದು ಕರೆಯುತ್ತಿದ್ದವರು, ಟಾಕನ್ನು ಹೊಸ ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಕ್ರೂಸರ್ ಗಾಡಿಯಲ್ಲಿ ಕೂತು ಬಂದರು. ನಾನು ಸೋದರಮಾವನ ಗತ್ತಿನಲ್ಲಿ ಮುಂದಿನ ಸೀಟಿನಲ್ಲಿದ್ದೆ. ಬೇಸಿಗೆ. ಕೃಷ್ಣೆ ಸೊರಗಿ ಒಂದು ಬದಿಗೆ ಸರಿದಿದ್ದಳು. ಆಚೆಯ ಮರಳದಿಬ್ಬದ ಮೇಲೆ ಒಂದು ಮೊಸಳೆ ಬಾಯಿ ತೆರೆದು ಬಿಸಿಲಿಗೆ ಬಿದ್ದಿತ್ತು. ಈಚೆ ದಂಡೆಯಲ್ಲಿ ಬಟ್ಟೆ ಒಗೆಯುವವರು ಆಗಾಗ ತಲೆಯೆತ್ತಿ ಅದು ಅಲ್ಲೇ ಇದೆಯೇ ಎಂದು ನೋಡಿಕೊಳ್ಳುತ್ತಿದ್ದರು. ಅದು ಕಾಣುತ್ತಿರುವವರೆಗೆ ಅವರಿಗೆ ಧೈರ್ಯ.

ಹುಡುಗನ ಅಜ್ಜನನ್ನು ಊರೆಲ್ಲ ಮುತ್ಯಾ ಎನ್ನುತ್ತಿತ್ತು. ಆ ಮನೆಯಲ್ಲಿ ಅವರ ಮಾತು ನಡೆಯುತ್ತಿತ್ತು. ಬೇರೆಯವರ ಮಾತು ಕೂತಿರುತ್ತಿತ್ತು. ಮುತ್ಯಾ ಮೊಣಕಾಲ ಮಟ್ಟ ನೀರಿನಲ್ಲಿ ನಿಂತು ಹುಣಸೆಹಣ್ಣು, ಬೂದಿ ಹಚ್ಚಿ ತಮ್ಮ ಟಾಕನ್ನು ತಾವೇ ತಿಕ್ಕಿ ಕಂಬಳಿಯ ಮೇಲಿಟ್ಟರು. ನಮ್ಮ ಮಾವನವರು ತಮ್ಮದನ್ನು ತಿಕ್ಕಿ ಪಕ್ಕದಲ್ಲಿಟ್ಟರು. ಎರಡೂ ಬಿಸಿಲಿಗೆ ಫಳ್ ಎಂದವು. ಮುತ್ಯಾ ಅರಿಷಿಣ ಹಚ್ಚಲು ಬಾಗಿದವರು ಬಾಗಿಯೇ ನಿಂತರು.

“ಇದೇನ್ರಿ ಬೀಗರ?”

“ನಮ್ಮ ದ್ಯಾವರ್ರಿ.”

“ದ್ಯಾವರ ಖರೆ. ದ್ಯಾವರ ಕುದರಿ ಕಾಲಾಗ ಏನ್ ಕುಂತೈತಿ ಅಂತ ಕೇಳಾಕತ್ತೀನಿ.”

ಎಲ್ಲರೂ ಬಾಗಿದೆವು. ಎರಡೂ ತಗಡುಗಳಲ್ಲಿ, ಒಂದೇ ಜಾಗದಲ್ಲಿ, ನಾಲ್ಕು ಕಾಲು ಚಾಚಿ, ಬಾಲ ಉದ್ದ ಬಿಟ್ಟು ಒಂದೊಂದು ಪ್ರಾಣಿ ಕೂತಿತ್ತು.

“ನಮ್ಮದು ಉಡ,” ಎಂದರು ಮುತ್ಯಾ. “ಮಹಾರಾಷ್ಟ್ರದ ನಮ್ಮ ಮಂದಿ ಘೋರ್ಪಡ ಅಂತಾರ. ನಿಮ್ಮದು?”

ಮಾವನವರಿಗೆ ತಮ್ಮ ದೇವರ ಕಾಲ ಬುಡದಲ್ಲಿ ಒಂದು ಪ್ರಾಣಿ ಇದೆ ಎಂದು ಗೊತ್ತಾಗಿದ್ದೇ ಆಗ. ಆದರೂ ಗಂಟಲು ಸರಿಮಾಡಿಕೊಂಡು, “ಮೊಸಳಿ ಇರಬೇಕ್ರಿ,” ಎಂದರು.

“ಮೊಸಳಿ ಅಲ್ಲೈತಿ ನೋಡ್ರಿ,” ಎಂದು ಮುತ್ಯಾ ಆಚೆ ದಂಡೆಗೆ ಕೈ ಮಾಡಿದರು. “ಅದರ ಮಾರಿ ಹಿಂಗೈತೇನು?”

“ಬೆಡಗು ಕೇಳೇ ಮಾತ ಮುಗಿಸೀವಲ್ರಿ?”

“ಹೆಸರ ಕೇಳೀವಿ. ಊರ ಬಿಟ್ಟ ಮಂದಿದು ಹೆಸರ ಬದಲಾಗತೈತಿ. ಬೆಳ್ಳಿ ಬದಲಾಗೂದಿಲ್ಲ. ಇದೂ ಉಡ ಆದ್ರ ನಿಮ್ಮ ಹುಡುಗಿ ನಮ್ಮ ಹುಡುಗಗ ತಂಗಿ.” ಆಮೇಲೆ ನನ್ನ ಕಡೆ ತಿರುಗಿದರು. “ಮಾಸ್ತರ, ನೀವು ಇದನ್ನ ಕಲಸ್ತೀರಂತ ಕೇಳೀನಿ. ಅಮಾಸಿ ಕಳೀಲಿ. ನಿಮ್ಮ ಮನೀಗೇ ಬರ್ತೀವಿ, ನೋಡಿ ಹೇಳ್ರಿ. ಅಲ್ಲೀತನಕ ಮದವಿ ಮಾತ ಬ್ಯಾಡ.”

ದೇವರಿಗೆ ಅರಿಷಿಣ ಬೀಳಲಿಲ್ಲ. ಹಾಗೆಯೇ ಕಂಬಳಿಯಲ್ಲಿ ಸುತ್ತಿ ಗಾಡಿ ಹತ್ತಿದೆವು. ಮೊಸಳೆ ಇನ್ನೂ ಬಾಯಿ ಮುಚ್ಚಿರಲಿಲ್ಲ.

ಹೊಳೆಗೆ ಹೋದ ದೇವರು ಮದುವೆಯ ಅರಿಷಿಣವಿಲ್ಲದೆ ಮನೆಗೆ ಮರಳುವುದು ಒಳ್ಳೆಯದಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ಯಾಕೆ ಒಳ್ಳೆಯದಲ್ಲ ಎಂದು ಯಾರೂ ಹೇಳುವುದಿಲ್ಲ. ಆದ್ದರಿಂದಲೇ ಅದಕ್ಕೆ ಬಲ ಜಾಸ್ತಿ. ಟಾಕು ಮುಗಳಖೋಡದ ಜಗಲಿಗೆ ಮರಳಿದ ವಾರದಲ್ಲೇ ಮಾವನವರ ಫೋನು ಬಂತು. ಅವರು ಮೊಬೈಲಿನಲ್ಲಿ ಯಾವಾಗಲೂ ಹೊಲದಾಚೆಯವನನ್ನು ಕೂಗುವಂತೆ ಮಾತಾಡುತ್ತಿದ್ದರು. ಅವತ್ತು ದನಿ ತಗ್ಗಿತ್ತು.

“ಮಾಸ್ತರ, ಮನೀಗೆ ಉಡ ಬಂದೈತಿ.”

“ಎಲ್ಲೈತಿ?”

“ಹೊಸ್ತಿಲ ಮ್ಯಾಲ. ತಲಿ ಒಳಗ, ಬಾಲ ಹೊರಗ.”

ಉಡ ಹೊಕ್ಕ ಮನೆ ಉಳಿಯುವುದಿಲ್ಲ ಎಂಬುದು ಅಲ್ಲಿಯ ಮಂದಿಯ ಗಟ್ಟಿ ನಂಬಿಕೆ. ಮನೆ ಬಿಟ್ಟು ಹೋದವರೂ ಉಂಟು. ಆದರೆ ಹೊಕ್ಕಿತು ಎಂದು ಯಾವಾಗ ಹೇಳಬೇಕು, ತಲೆ ದಾಟಿದಾಗಲೋ ಹಿಂಗಾಲು ದಾಟಿದಾಗಲೋ ಎಂಬ ಬಗ್ಗೆ ಓಣಿಯ ಹಿರಿಯರಲ್ಲಿ ಒಮ್ಮತವಿರಲಿಲ್ಲ. ಅವರು ಆ ಚರ್ಚೆಯಲ್ಲಿ ಮುಳುಗಿದ್ದಾಗ ಉಡ ಎದ್ದಿತು. ಒಳಗೆ ಹೋಯಿತೋ ಹೊರಗೆ ಹೋಯಿತೋ, ನೋಡಿದವರಿಲ್ಲ. ಹಿತ್ತಲಿನ ಜೋಳದ ಕಣಕಿ ಬಣವೆ ಕೆಡವಿದರು, ಅಟ್ಟದ ಮೇಲಿನ ಸಾಮಾನು ಇಳಿಸಿದರು, ಸಿಗಲಿಲ್ಲ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಮಾಡಿನ ಮೇಲೆ ಬೆಕ್ಕು ಸರಿದರೂ ಉಣ್ಣುವವರು ತುತ್ತನ್ನು ಕೈಯಲ್ಲೇ ಹಿಡಿದು ಮೇಲೆ ನೋಡುತ್ತಿದ್ದರು. ಮಾವನವರ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದ ಮುದುಕಿ, ಒಬ್ಬಳೇ ಹೆದರಲಿಲ್ಲ. ಹೆದರದೆ ಅವಳು ಆಡಿದ ಮಾತಿನಿಂದ ಉಳಿದವರು ಇನ್ನಷ್ಟು ಹೆದರಿದರು.

“ಅದು ನಮ್ಮನ್ನ ಹೆದರಸಾಕ ಬಂದಿಲ್ಲ,” ಎಂದಳಂತೆ. “ಈ ಮನಿ ತನ್ನವರದೋ ಬ್ಯಾರೇರದೋ ಅಂತ ನೋಡಾಕ ಬಂದಿತ್ತು. ನೋಡಿ ಹೋತು.”

ಅಮಾವಾಸ್ಯೆ ಕಳೆಯಿತು. ಕಬ್ಬೂರಿನ ನಮ್ಮ ಮನೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ ಜಮಖಾನೆ ಹಾಸಿದೆ. ಮುತ್ಯಾ ಮೊಮ್ಮಗನನ್ನು ಕರೆದುಕೊಂಡು ಬಂದರು. ಮಾವನವರು ಅಕ್ಕ, ಮಗಳು, ಆಯಿಯರೊಂದಿಗೆ ಬಂದರು. ಹೆಂಗಸರು ಒಳಗೆ, ಹುಡುಗ ಮರದ ಬೊಡ್ಡೆಗೆ ಆತು, ಟಾಕುಗಳು ನಡುವೆ. ನಾನು ಪ್ರಯೋಗಾಲಯದಿಂದ ತಂದ ಭೂತಗನ್ನಡಿಯನ್ನು ಪಂಚೆಯ ಅಂಚಿನಿಂದ ಒರೆಸಿದೆ. ನ್ಯಾಯಾಧೀಶರು ಗಂಟಲು ಸರಿಪಡಿಸಿಕೊಳ್ಳುವಂತೆ ಅದೂ ಒಂದು ವಿಧಿ.

ಆದರೆ ಮುತ್ಯಾ ನನಗಿಂತ ಮುಂದಿದ್ದರು. “ನೋಡೂಕ ಮದಲ ಒಂದ ಮಾತ ಹೇಳ್ರಿ ಮಾಸ್ತರ. ಹಲ್ಲಿ, ಓತಿಕ್ಯಾತ, ಹಾವರಾಣಿ, ಉಡ, ಇವು ನಿಮ್ಮ ಶಾಸ್ತ್ರದಾಗ ಒಂದ ಗುಂಪಿನ್ಯಾವೋ, ಬ್ಯಾರೆ ಬ್ಯಾರೇವೋ?”

ಒಂದೇ ಗುಂಪು. ಆ ಗುಂಪಿನಲ್ಲಿ ಹಾವೂ ಬರುತ್ತದೆ. ಹಾಗೆಯೇ ಹೇಳಿದೆ.

“ಹಂಗಾರ ನಿಮ್ಮ ಟಾಕಿನಾಗ ಇವುಗಳಾಗಿಂದ ಯಾವುದಿದ್ರೂ ಭಾವಕಿನ ಆತು.” ಭಾವಕಿ ಎಂದರೆ ದಾಯಾದಿಗಳು. ಮುತ್ಯಾ ಶಾಲೆಗೆ ಹೋದವರಲ್ಲ. ಹೋಗಿದ್ದರೆ ನನ್ನ ಊಟದ ನಂತರದ ಪಿರಿಯಡ್ಡಿನಲ್ಲಿ ಎಚ್ಚರವಾಗಿರುತ್ತಿದ್ದ ಒಬ್ಬನೇ ವಿದ್ಯಾರ್ಥಿ ಆಗುತ್ತಿದ್ದರು.

ಗನ್ನಡಿ ಹಿಡಿದೆ. ಉಗಾರದ ಟಾಕಿನಲ್ಲಿ ಉದ್ದ ಕೊರಳು, ಸೀಳುನಾಲಿಗೆ, ಕಣ್ಣಿನ ಹಿಂದೆ ಕಿವಿಯ ಚುಕ್ಕೆ. ಅದು ಉಡ, ಸಂಶಯವಿಲ್ಲ. ಮುಗಳಖೋಡದ್ದರಲ್ಲಿ ಕೊರಳು ಗಿಡ್ಡ, ನಾಲಿಗೆ ಇಲ್ಲ, ಕಿವಿ ಇಲ್ಲ. ತಲೆಯಿಂದ ಬಾಲದವರೆಗೆ ಗರಗಸದಂತೆ ಮುಳ್ಳು, ನೆತ್ತಿಯ ಮೇಲೆ ಒಂದು ಚುಕ್ಕೆ. ಅದನ್ನು ಮಾಡಿದ ಅಕ್ಕಸಾಲಿಗನಿಗೆ ಪ್ರಾಣಿ ಬಿಡಿಸಲು ಬರುತ್ತಿರಲಿಲ್ಲ ಎಂಬುದು ನನ್ನ ಸ್ವಂತ ಅಭಿಪ್ರಾಯ. ಕುದುರೆಯನ್ನೂ ಅವನು ಆಡಿನಂತೆ ಮಾಡಿದ್ದ. ಆದರೆ ಆ ಅಭಿಪ್ರಾಯ ಕೇಳಲು ಯಾರೂ ಅಷ್ಟು ದೂರದಿಂದ ಬಂದಿರಲಿಲ್ಲ. ಬಾಗಿಲ ಸಂದಿಯಲ್ಲಿ ಅಕ್ಕನ ಮಗಳ ಒಂದು ಕಣ್ಣು ಕಾಣುತ್ತಿತ್ತು. ಕಂಡದ್ದನ್ನು ಕಂಡಂತೆ ಹೇಳಿದೆ: ಇಷ್ಟೂ ಗುರುತು ಕೂಡಿ ಬರುವ ಪ್ರಾಣಿ ಲೋಕದಲ್ಲಿ ಒಂದೇ ಇದೆ, ಅದು ಹಲ್ಲಿಯ ಹಾಗೆ ಕಾಣುತ್ತದೆ, ಹಲ್ಲಿ ಅಲ್ಲ, ಉಡದ ಭಾವಕಿಯೂ ಅಲ್ಲ.

ಆಮೇಲೆ ಮೂವತ್ತು ನಿಮಿಷದ ಪಾಠವನ್ನು ಪೂರ್ತಿ ಮಾಡಿದೆ. ಆ ಕುಲ ಎಷ್ಟು ಹಳೆಯದು, ಪಂಡಿತರು ಹೇಗೆ ಮೋಸಹೋದರು, ಮೇಲ್ದವಡೆಯಲ್ಲಿ ಎರಡು ಸಾಲು ಹಲ್ಲು, ಅವುಗಳ ನಡುವೆ ಕೆಳದವಡೆಯ ಒಂದು ಸಾಲು ಹೇಗೆ ಹೊಂದಿ ಕೂರುತ್ತದೆ, ಎಲ್ಲ. ಜೀವಮಾನದಲ್ಲಿ ಮೊದಲ ಸಲ ಯಾರೂ ಆಕಳಿಸಲಿಲ್ಲ. ನೆತ್ತಿಯ ಮೂರನೇ ಕಣ್ಣಿಗೆ ಬಂದಾಗ ಮುತ್ಯಾ ಕೈಮುಗಿದರು.

“ಮೂರ ಕಣ್ಣಿಂದು! ಬೀಗರ, ನಿಮ್ಮ ಮನಿ ಭಾಳ ದೊಡ್ಡದ್ರಿ.”

ಮಾವನವರು ಆ ಪ್ರಾಣಿಯನ್ನು ತಾವೇ ಸಾಕಿದವರಂತೆ ಮೀಸೆಯ ಮೇಲೆ ಕೈಯಾಡಿಸಿದರು. “ಹಂಗ ಅಂತಾರ್ರಿ.”

ಒಳಗೆ ಚಹಾಕ್ಕೆ ಇಟ್ಟ ಸಪ್ಪಳವಾಯಿತು. ಹುಡುಗ ಬೊಡ್ಡೆ ಬಿಟ್ಟು ಜಮಖಾನೆಗೆ ಬಂದು ಕೂತ. ಮುತ್ಯಾ ತಮ್ಮ ಟಾಕನ್ನು ಪ್ರೀತಿಯಿಂದ ಸುತ್ತುತ್ತ, ಊರಿನ ಸಮಾಚಾರ ಕೇಳುವಂತೆ ಕೇಳಿದರು: “ಅಲ್ರಿ ಮಾಸ್ತರ, ಆ ಮಂದಿ ಈಗ ಎಲ್ಲಿ ಅದಾರ?”

“ಒಂದ ಕಾಲಕ್ಕ ಎಲ್ಲಾ ಕಡೆ ಇದ್ದರ್ರಿ. ನಮ್ಮ ಗೋದಾವರಿ ದಂಡಿಯ ಕಲ್ಲಿನಾಗೂ ಅವರ ಎಲುವು ಸಿಕ್ಕಾವು.”

“ಕಲ್ಲಿನಾಗ?”

“ಹೌದ್ರಿ.”

“ಜೀವಂತ ಇದ್ದವು?”

“ಸಮುದ್ರದ ಆಚೆ, ನ್ಯೂಜಿಲೆಂಡಿನ ನಡುಗಡ್ಡಿಯೊಳಗ. ಒಂದ ಜಾತಿ.”

“ಉಳದ ಜಾತಿಯವು?”

“ಎಲ್ಲಾ ಹೋಗ್ಯಾವ್ರಿ.”

“ಯಾಕ?”

“ಗೊತ್ತಿಲ್ಲರಿ.”

ಮುತ್ಯಾನ ಕೈ ಕಂಬಳಿಯ ಮೇಲೆ ನಿಂತಿತು. ಬೇವಿನ ಮರದಲ್ಲಿ ಅಳಿಲು ಬಿಡದೆ ಚೀರುತ್ತಿತ್ತು; ಕೆಳಗೆ ಹಾವೋ ಬೆಕ್ಕೋ ಕಂಡಾಗ ಚೀರುವ ರೀತಿ ಅದು. ಕೆಳಗೆ ನಾವಷ್ಟೇ ಇದ್ದೆವು.

“ಬೀಗರ, ನಿಮ್ಮ ಮನ್ಯಾಗ ಅಣ್ಣತಮ್ಮರು ಎಷ್ಟ ಮಂದಿ?”

“ನಾ ಒಬ್ಬಾವ್ರಿ.”

“ನಿಮ್ಮ ಅಪ್ಪಾರು?”

“ಅವರೂ ಒಬ್ಬರ.”

ಮುಂದಿನ ಪ್ರಶ್ನೆಯನ್ನು ಮುತ್ಯಾ ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ಅದರ ಉತ್ತರ ಚಹಾದ ತಟ್ಟೆ ಹಿಡಿದು ಹೊಸ್ತಿಲ ಮೇಲೆ ನಿಂತಿತ್ತು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

ಮುತ್ಯಾ ಎದ್ದರು. “ತಪ್ಪ ತಿಳ್ಕೋಬ್ಯಾಡ್ರಿ ಮಾಸ್ತರ. ನೀವು ಖರೇನ ಹೇಳಿದ್ರಿ. ಖರೇ ಅಂತನ ನಾ ಏಳಾಕತ್ತೀನಿ. ಮುಳಗೂ ಕುಲದ ಹೆಣ್ಣ ನಮ್ಮ ಹಟ್ಟಿಗೆ ಬ್ಯಾಡ.”

“ಮುತ್ಯಾ, ಚಹಾರೆ ಕುಡೀರಿ,” ಎಂದಳು ಹುಡುಗಿ.

ಕುಡಿಯಲಿಲ್ಲ. ನಮ್ಮ ಸೀಮೆಯಲ್ಲಿ ಕೋರ್ಟಿನಲ್ಲಿ ಎದುರಾಳಿಯಾದವನೂ ಚಹಾ ಕುಡಿದೇ ಹೋಗುತ್ತಾನೆ. ಕಪ್ಪುಗಳ ಮೇಲೆ ಕೆನೆ ಕಟ್ಟಿತು. ಯಾರೂ ಮುಟ್ಟದ್ದನ್ನು ಕಂಡು ಆಯಿ ಒಳಗಿನಿಂದ ಬಂದು ಒಂದನ್ನು ಕುಡಿದಳು.

“ಹಳೇ ಕುಲ ಅಂತ ಹೇಳಿದಿ, ಛಲೋ ಆತು,” ಎಂದಳು ನನಗೆ. “ಹೊಸಾದು ಅಂತ ಹೇಳಾಕ ಬರತಿರಲಿಲ್ಲೇನು?”

ಒಂದೆರಡು ದಿನ ಬಿಟ್ಟು ಹುಡುಗ ಹುಡುಗಿ ಇಬ್ಬರೂ ಕಾಲೇಜಿಗೆ ಬಂದರು. ಅವಳು ಕಪಾಟಿನ ಬಾಟಲಿಗಳನ್ನು ಒಂದೊಂದಾಗಿ ನೋಡಿದಳು.

“ಮಾಮಾ, ಓತಿಕ್ಯಾತ ಅಂದಿದ್ರ ನಾವು ಅಣ್ಣ ತಂಗಿ ಆಗತಿದ್ವಿ. ಈಗ ನಾ ಕಲ್ಲಿನಾಗಿನ ಎಲುವು ಆದೆ. ಎರಡರಾಗ ಯಾವುದು ಭೇಷ?”

ಹುಡುಗ ಮೆಲ್ಲಗೆ ಕೇಳಿದ: “ಸರ್, ಅದು ಎಷ್ಟ ವರ್ಷ ಬದಕತೈತ್ರಿ?”

“ನೂರು ವರ್ಷ ದಾಟಿದ್ದೂ ಉಂಟು.”

“ತಗೋ!” ಎಂದು ಅವಳು ತಿರುಗಿದಳು. “ನೂರ ವರ್ಷ! ಮುಳಗೂ ಕುಲ ಅಂತ, ನೂರ ವರ್ಷ ಬದಕತೈತಿ. ಮುತ್ಯಾಗ ಇದನ್ನ ಯಾಕ ಹೇಳಲಿಲ್ಲ ನೀ? ಏಳು, ನಡೀ. ನನಗ ಇವನ ಬೇಕು. ನಿಮ್ಮ ಬೆಳ್ಳಿಯೊಳಗ ಏನರೆ ಕುಂತಿರಲಿ.”

ಮೂವರೂ ಬಸ್ಸಿನಲ್ಲಿ ಉಗಾರಕ್ಕೆ ಹೋದೆವು. ಅವಳು ಕಿಟಕಿಯ ಪಕ್ಕ ಕೂತು ಹೇಳಬೇಕಾದ್ದನ್ನು ತುಟಿಯಲ್ಲೇ ಅನ್ನುತ್ತಿದ್ದಳು. ದಾರಿಯುದ್ದಕ್ಕೂ ಕಟಾವಾದ ಕಬ್ಬಿನ ಹೊಲಗಳಲ್ಲಿ ರವುದಿಯ ಒಣಗರಿಗೆ ಬೆಂಕಿ ಹಚ್ಚಿದ್ದರು. ಆಕಾಶ ಮಧ್ಯಾಹ್ನಕ್ಕೇ ಕಂದಿತ್ತು. ಹೊಲದಂಚಿನಲ್ಲಿ ಬೆಂಕಿಗೆ ಹೆದರಿದ ಒಂದು ಉಡ ರಸ್ತೆ ದಾಟಿತು. ಡ್ರೈವರ್ ಬ್ರೇಕ್ ಹಾಕಿ, ಅದು ಎಡಕ್ಕೆ ಹೋಯಿತೋ ಬಲಕ್ಕೋ ಎಂದು ಕಂಡಕ್ಟರನನ್ನು ಕೇಳಿದ. ಹೊಗೆಯಲ್ಲಿ ಅವನಿಗೂ ಕಂಡಿರಲಿಲ್ಲ.

ಮುತ್ಯಾ ಕುರಿಹಟ್ಟಿಯ ಹತ್ತಿರ ಒಂದು ಕುರಿಯ ಗೊರಸು ಕೆರೆಯುತ್ತ ಕೂತಿದ್ದರು. ಅವಳು ಎದುರಿಗೆ ಕೂತು ಹೇಳಿದಳು. ನೂರು ವರ್ಷ ಎಂದಾಗ ಅವರು ಕುರಿಯ ಕಾಲು ಬಿಟ್ಟರು.

“ನೂರ ವರ್ಷ ಒಂಟಿ ಇರೂದು ಆಶೀರ್ವಾದ ಏನವ್ವಾ?” ಎಂದರು. ಕೇಳಿದ್ದು ಸಿಟ್ಟಿನಿಂದಲ್ಲ. “ನಾ ಎಂಬತ್ತ ಕಂಡಾವ. ನನ್ನ ವಾರಿಗ್ಯಾಂವ ಒಬ್ಬನೂ ಉಳದಿಲ್ಲ. ಮಾತಾಡಾಕ ಕುರಿ ಬೇಕಾಗ್ಯಾವ.”

ಹುಡುಗ ಬಂದು ಅವಳ ಪಕ್ಕ ಕೂತ.

“ಮುತ್ಯಾ, ಇಕೀನ ಮಾಡಿಕೊಳ್ಳಾಂವ ನಾ.”

“ಮಾಡಿಕೋ. ಬ್ಯಾಡ ಅಂದ್ರ ಬಿಡ್ತೀ ಏನ್? ಖರೆ ನಮ್ಮ ದ್ಯಾವರು ಇನ್ನ ಹೊಳಿಗೆ ಹೋಗೂದಿಲ್ಲ. ಒಂದ ಸಲ ಹೋಗಿ ನೋಡಿ ಬಂದಾರ.” ಆಮೇಲೆ ಹುಡುಗಿಯ ತಲೆಯ ಮೇಲೆ ಕೈ ಇಟ್ಟು, ತೆಗೆದು, ಮತ್ತೆ ಕುರಿಯ ಕಾಲು ಹಿಡಿದರು.

ದೇವರಿಲ್ಲದ ಮದುವೆಗೆ ಅಂಗಳದಲ್ಲಿ ಹಂದರ ಹಾಕುವಂತಿಲ್ಲ. ಅಥಣಿಯಲ್ಲಿ ರಿಜಿಸ್ಟರ್ ಮಾಡಿಸಿದೆವು. ಸಾಕ್ಷಿಯ ಸಹಿ ನನ್ನದು. ಸಾಹೇಬರ ಹಿಂದಿನ ಗೋಡೆಯಲ್ಲಿ ಹಲ್ಲಿ ಲೊಚಗುಟ್ಟಿತು. ಮಾವನವರು ನನ್ನ ಪಕ್ಕೆಗೆ ತಿವಿದು, “ಯಾವ ದಿಕ್ಕಿಗೆ ನುಡೀತು ಮಾಸ್ತರ?” ಎಂದು ಪಿಸುಗುಟ್ಟಿದರು. ಕೋಣೆಗೆ ಒಂದೂ ಕಿಟಕಿಯಿರಲಿಲ್ಲ. ದಿಕ್ಕು ಗೊತ್ತಾಗಲಿಲ್ಲ ಎಂದೆ. ಅದು ಕೊನೆಯ ಪಕ್ಷ ಹಲ್ಲಿಯೇ ಆಗಿತ್ತು, ಅಷ್ಟನ್ನು ಖಚಿತವಾಗಿ ಹೇಳಬಲ್ಲೆ.

ಹುಡುಗನಿಗೆ ನಿಪ್ಪಾಣಿಗೆ ವರ್ಗವಾಯಿತು. ಅವಳೂ ವರ್ಗ ಮಾಡಿಸಿಕೊಂಡಳು. ತಂಬಾಕಿನ ಘಾಟು ಬರುವ ಓಣಿಯಲ್ಲಿ ಬಾಡಿಗೆ ಮನೆ ಹಿಡಿದರು. ಆಯಿ ತೀರಿದ ಮೇಲೆ ಮುಗಳಖೋಡದ ಟಾಕನ್ನು ಅವರೇ ಒಯ್ದರು. ಅದಕ್ಕೆ ಮತ್ತೆ ಭಂಡಾರ ಹಚ್ಚಿದ್ದಾರೆ, ಈಗ ಪ್ರಾಣಿ ಕಾಣುವುದಿಲ್ಲ. ಮುತ್ಯಾ ಆ ಮನೆಗೆ ಒಮ್ಮೆಯೂ ಬರಲಿಲ್ಲ. ಮದುವೆಯಾದ ಮರುವರ್ಷ ಆ ಇಬ್ಬರಿಗೆ ಒಬ್ಬಳು ಮಗಳು ಹುಟ್ಟಿದಳು. ಆಮೇಲೆ ಮಕ್ಕಳಾಗಲಿಲ್ಲ.